ಮೂತ್ರಪಿಂಡ ವೈಫಲ್ಯ: ಡಯಾಲಿಸಿಸ್‌ಗೆ ಮುನ್ನ ಸಿಗುವ ಕಾಲ

'ಮೂತ್ರಪಿಂಡಗಳು ಕೆಟ್ಟಿವೆ, ಮುಂದೆ ಡಯಾಲಿಸಿಸ್ ಬೇಕಾಗಬಹುದು' ಎಂದು ವೈದ್ಯರು ಹೇಳಿದಾಗ ಬಹುತೇಕ ಕುಟುಂಬಗಳು ಅದನ್ನು ಮರಣಶಾಸನವೆಂದೇ ಭಾವಿಸುತ್ತವೆ. ಮುಂದಿನ ಕೆಲವು ತಿಂಗಳು ಎರಡನೆಯ ಅಭಿಪ್ರಾಯ, ಮೂರನೆಯ ಅಭಿಪ್ರಾಯ, ನಾಟಿ ಔಷಧ, ಹರಕೆ, ಪರಿಚಿತರು ಹೇಳಿದ ಪುಡಿ ಮತ್ತು ಕಷಾಯಗಳಲ್ಲಿ ಕಳೆದುಹೋಗುತ್ತವೆ. ಕೊನೆಗೊಂದು ರಾತ್ರಿ ಏದುಸಿರು ಬಿಡುತ್ತಿರುವ ರೋಗಿಯನ್ನು ತುರ್ತು ಚಿಕಿತ್ಸಾ ಘಟಕಕ್ಕೆ ಕರೆತರಲಾಗುತ್ತದೆ. ಕುತ್ತಿಗೆಯ ರಕ್ತನಾಳಕ್ಕೆ ಕೊಳವೆ ತೂರಿಸಿ ಅವಸರದಲ್ಲಿ ಡಯಾಲಿಸಿಸ್ ಆರಂಭವಾಗುತ್ತದೆ.

ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆಯಲ್ಲಿ ಈ ಅವಸರ ಬಹುಮಟ್ಟಿಗೆ ತಪ್ಪಿಸಬಹುದಾದದ್ದು. ಈ ಕಾಯಿಲೆ ಸಾಮಾನ್ಯವಾಗಿ ತಿಂಗಳುಗಳ, ಅನೇಕ ವೇಳೆ ವರ್ಷಗಳ ಅವಧಿಯಲ್ಲಿ ಮುಂದುವರಿಯುತ್ತದೆ. ರೋಗ ಪತ್ತೆಯಾದ ದಿನಕ್ಕೂ ಡಯಾಲಿಸಿಸ್ ಅನಿವಾರ್ಯವಾಗುವ ದಿನಕ್ಕೂ ನಡುವೆ ಸಿಗುವ ಆ ಕಾಲವನ್ನು ರೋಗಿ ಹೇಗೆ ಬಳಸಿಕೊಂಡ ಎಂಬುದರ ಮೇಲೆ ಮುಂದಿನ ಬದುಕಿನ ಗುಣಮಟ್ಟ ಬಹಳಷ್ಟು ಅವಲಂಬಿಸಿರುತ್ತದೆ.

ದಿನಕ್ಕೆ 180 ಲೀಟರ್ ಸೋಸುವ ಅಂಗ

ಬೆನ್ನುಮೂಳೆಯ ಇಕ್ಕೆಲಗಳಲ್ಲಿರುವ ಮೂತ್ರಪಿಂಡಗಳು ಒಂದೊಂದೂ ಮುಷ್ಟಿಯಷ್ಟು ದೊಡ್ಡವು. ತೂಕ ಸುಮಾರು 150 ಗ್ರಾಂ. ಪ್ರತಿಯೊಂದರಲ್ಲೂ ನೆಫ್ರಾನ್ ಎಂಬ ಸೂಕ್ಷ್ಮ ಸೋಸುಕಗಳು ಸರಾಸರಿ 10 ಲಕ್ಷದಷ್ಟಿರುತ್ತವೆ. ಹೃದಯ ಹೊರದೂಡುವ ರಕ್ತದ ಐದನೇ ಒಂದು ಭಾಗ ಇಲ್ಲಿಗೇ ಹರಿದುಬರುತ್ತದೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಟ್ಟು, ಅದರಲ್ಲಿ ಶೇ. 99ರಷ್ಟು ಮತ್ತೆ ರಕ್ತಕ್ಕೆ ಸೇರುತ್ತದೆ. ಉಳಿದ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಹೋಗುತ್ತದೆ.

ಕಸ ಹೊರಹಾಕುವುದಷ್ಟೇ ಇವುಗಳ ಕೆಲಸವಲ್ಲ. ರಕ್ತದೊತ್ತಡದ ನಿಯಂತ್ರಣ, ಪೊಟ್ಯಾಶಿಯಂ ಮತ್ತು ಆಮ್ಲದ ಸಮತೋಲನ, ಮೂಳೆಗೆ ಬೇಕಾದ ಡಿ ಜೀವಸತ್ವವನ್ನು ಸಕ್ರಿಯಗೊಳಿಸುವುದು, ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರೇರಣೆ ನೀಡುವ ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನಿನ ಸ್ರಾವ ಇವೆಲ್ಲವೂ ಮೂತ್ರಪಿಂಡಗಳದೇ ಹೊಣೆ. ಹೀಗಾಗಿ ಅವು ಸೋತಾಗ ಕಾಲು ಊದಿಕೊಳ್ಳುವುದರ ಜೊತೆಗೆ ರಕ್ತಹೀನತೆ, ಮೂಳೆ ನೋವು, ಏರಿದ ರಕ್ತದೊತ್ತಡಗಳೂ ಕಾಣಿಸಿಕೊಳ್ಳುತ್ತವೆ.

ಸದ್ದಿಲ್ಲದೆ ಬರುವ ರೋಗ

ಮೂತ್ರಪಿಂಡಗಳಿಗೆ ಪ್ರಕೃತಿ ನೀಡಿರುವ ಹೆಚ್ಚುವರಿ ಸಾಮರ್ಥ್ಯವೇ ರೋಗಿಯನ್ನು ಮೋಸಗೊಳಿಸುತ್ತದೆ. ಕಾರ್ಯಶಕ್ತಿಯ ಅರ್ಧದಷ್ಟು ನಷ್ಟವಾದರೂ ವ್ಯಕ್ತಿಗೆ ಏನೂ ಅನ್ನಿಸದಿರಬಹುದು. ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ ಈ ರೋಗದ ಎರಡು ಪ್ರಮುಖ ಕಾರಣಗಳು. ಮೂತ್ರಪಿಂಡದ ಉರಿಯೂತ, ಕಲ್ಲು, ವಂಶಪಾರಂಪರ್ಯವಾಗಿ ಬರುವ ನೀರ್ಗುಳ್ಳೆ ರೋಗ, ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಗಳು ಇತರ ಕಾರಣಗಳು.

ಬಹುಪಾಲು ಜನ ವರದಿಯಲ್ಲಿ ಕ್ರಿಯಾಟಿನಿನ್ ಸಂಖ್ಯೆಯನ್ನು ಮಾತ್ರ ನೋಡುತ್ತಾರೆ. ಆದರೆ ಒಂದೇ ಕ್ರಿಯಾಟಿನಿನ್ ಇಬ್ಬರಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. ಇದು ಸ್ನಾಯುಗಳಿಂದ ಬರುವ ತ್ಯಾಜ್ಯವಾದ್ದರಿಂದ ವಯಸ್ಸು ಮತ್ತು ಲಿಂಗವನ್ನು ಪರಿಗಣಿಸಿ ಸೋಸುವಿಕೆಯ ದರವನ್ನು ಲೆಕ್ಕ ಹಾಕಬೇಕಾಗುತ್ತದೆ. ಇದನ್ನೇ ವರದಿಗಳಲ್ಲಿ ಜಿಎಫ್ಆರ್ ಎಂದು ನಮೂದಿಸಲಾಗುತ್ತದೆ. ಈಗ ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ ಕ್ರಿಯಾಟಿನಿನ್ 2 ಇರುವ 25 ವರ್ಷದ ಯುವಕನ ಜಿಎಫ್ಆರ್ ಸುಮಾರು 46 ಇದ್ದರೆ, ಅದೇ 2 ಇರುವ 70 ವರ್ಷದ ಮಹಿಳೆಯ ಜಿಎಫ್ಆರ್ 26ರ ಆಸುಪಾಸಿನಲ್ಲಿರುತ್ತದೆ.

ಜಿಎಫ್ಆರ್ ಆಧಾರದ ಮೇಲೆ ಕಾಯಿಲೆಯನ್ನು ಐದು ಹಂತಗಳಾಗಿ ವಿಂಗಡಿಸಲಾಗಿದೆ. 90ಕ್ಕಿಂತ ಹೆಚ್ಚಿದ್ದು ಮೂತ್ರದಲ್ಲಿ ಪ್ರೋಟೀನ್ ಸೋರಿಕೆಯಂತಹ ಹಾನಿಯ ಲಕ್ಷಣವಿದ್ದರೆ ಮೊದಲ ಹಂತ. 60ರಿಂದ 89 ಎರಡನೆಯದು. 30ರಿಂದ 59 ಮೂರನೆಯದು. 15ರಿಂದ 29 ನಾಲ್ಕನೆಯದು. 15ಕ್ಕಿಂತ ಕಡಿಮೆಯಾದರೆ ಐದನೆಯ ಹಂತ. ಈ ಪಟ್ಟಿಯನ್ನು ನೋಡಿ ಎಲ್ಲರೂ ಗಾಬರಿಯಾಗಬೇಕಿಲ್ಲ. ಮೂರನೆಯ ಹಂತದಲ್ಲಿರುವ ಹೆಚ್ಚಿನವರಿಗೆ ಜೀವಮಾನದಲ್ಲಿ ಡಯಾಲಿಸಿಸ್ ಬೇಕಾಗುವುದೇ ಇಲ್ಲ. ಆದರೆ ನಾಲ್ಕನೆಯ ಹಂತಕ್ಕೆ ಬಂದವರು ಮೂತ್ರಪಿಂಡ ತಜ್ಞರ ಬಳಿಗೆ ಹೋಗಲೇಬೇಕು.

ಮುಂದೂಡುವ ಮಾರ್ಗಗಳಿವೆ

ನಾಶವಾದ ನೆಫ್ರಾನ್‌ಗಳನ್ನು ಮರಳಿ ತರುವ ಔಷಧ ಯಾವ ವೈದ್ಯಪದ್ಧತಿಯಲ್ಲೂ ಇಲ್ಲ. ಉಳಿದವನ್ನು ಕಾಪಾಡಿಕೊಳ್ಳುವ ಔಷಧಗಳು ಮಾತ್ರ ಇವೆ. ರಕ್ತದೊತ್ತಡ ಇಳಿಸುವ ಜೊತೆಗೆ ಪ್ರೋಟೀನ್ ಸೋರಿಕೆಯನ್ನೂ ತಗ್ಗಿಸುವ ರಾಮಿಪ್ರಿಲ್, ಟೆಲ್ಮಿಸಾರ್ಟನ್ ವರ್ಗದ ಮಾತ್ರೆಗಳು ದೀರ್ಘಕಾಲದಿಂದ ಬಳಕೆಯಲ್ಲಿವೆ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಮೂತ್ರಪಿಂಡದ ಸವೆತವನ್ನೂ ನಿಧಾನಗೊಳಿಸುತ್ತದೆ, ಅದೂ ಸಕ್ಕರೆ ಕಾಯಿಲೆ ಇಲ್ಲದವರಲ್ಲೂ, ಎಂಬುದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ಸಾಬೀತಾಯಿತು. ಭಾರತದಲ್ಲಿ ಇದರ ಮೂಲ ಪೇಟೆಂಟ್ ಅವಧಿ ಅದೇ ವರ್ಷ ಮುಗಿದಿದ್ದರಿಂದ ಅಗ್ಗದ ಮಾತ್ರೆಗಳು ಮಾರುಕಟ್ಟೆಗೆ ಬಂದಿವೆ. ಯಾವುದು ಯಾರಿಗೆ ಸೂಕ್ತ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಕೆಲವರಲ್ಲಿ ಇವು ಪೊಟ್ಯಾಶಿಯಂ ಅಂಶವನ್ನು ಏರಿಸುವುದರಿಂದ ಆಗಾಗ ರಕ್ತಪರೀಕ್ಷೆ ಅಗತ್ಯ.

ತಪ್ಪಿಸಬೇಕಾದ ಸಂಗತಿಗಳೂ ಅಷ್ಟೇ ಮುಖ್ಯ. ಮಂಡಿನೋವಿಗೆ, ತಲೆನೋವಿಗೆ ಔಷಧ ಅಂಗಡಿಯಿಂದ ನೇರವಾಗಿ ತಂದು ನುಂಗುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ದುರ್ಬಲ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಒಳಗೇನಿದೆಯೆಂದು ತಿಳಿಯದ ಭಸ್ಮ, ಪುಡಿಗಳಲ್ಲಿ ಸೀಸ, ಪಾದರಸದಂತಹ ಭಾರಲೋಹಗಳಿರುವ ಅಪಾಯವಿದೆ. ಕರಾವಳಿಯ ಹಿತ್ತಿಲುಗಳಲ್ಲಿ ಬೆಳೆಯುವ ಬಿಂಬುಳಿಯ ರಸವನ್ನು ಕೊಬ್ಬು ಕರಗಿಸಲು ಕುಡಿದು, ಅದರ ಆಕ್ಸಲೇಟ್‌ನಿಂದ ಮೂತ್ರಪಿಂಡ ಕೆಡಿಸಿಕೊಂಡ ಪ್ರಕರಣಗಳು ನೆರೆಯ ಕೇರಳದಲ್ಲಿ ದಾಖಲಾಗಿವೆ. ಅದರ ಸೋದರಿ ನಕ್ಷತ್ರ ಹಣ್ಣು, ಅಂದರೆ ದಾರೆಹುಳಿ, ಈಗಾಗಲೇ ಮೂತ್ರಪಿಂಡ ರೋಗವಿರುವವರಲ್ಲಿ ಮಿದುಳಿಗೇ ವಿಷವಾಗಬಲ್ಲದು. ಇಂತಹವರು ಅದನ್ನು ಮುಟ್ಟಲೇಬಾರದು.

ಆರಂಭಿಸುವುದು ಯಾವಾಗ?

ಡಯಾಲಿಸಿಸ್ ಆರಂಭಕ್ಕೆ ನಿಗದಿತವಾದ ಒಂದು ಕ್ರಿಯಾಟಿನಿನ್ ಸಂಖ್ಯೆಯಿಲ್ಲ. ಬೇಗ ಆರಂಭಿಸಿದರೆ ಆಯುಷ್ಯ ಹೆಚ್ಚುತ್ತದೆಯೇ ಎಂಬುದನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 828 ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2010ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ, ಬೇಗ ಆರಂಭಿಸಿದವರು ಲಕ್ಷಣಗಳು ಕಾಣಿಸುವವರೆಗೆ ಕಾದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ. ಹಾಗೆಂದು ಈ ಕಾಯುವಿಕೆ ಮನೆಯಲ್ಲಿ ಕುಳಿತು ಕಾಯುವುದಲ್ಲ. ತಜ್ಞರ ನಿಗಾದಲ್ಲಿ ಕಾಯುವುದು.

ಬೆಳಗಿನ ವಾಕರಿಕೆ, ಹಸಿವಿಲ್ಲದಿರುವುದು, ಬಾಯಲ್ಲಿ ಲೋಹದ ರುಚಿ, ಮೈ ತುರಿಕೆ, ನಿಲ್ಲದ ಬಿಕ್ಕಳಿಕೆ, ಮಲಗಿದರೆ ಉಸಿರು ಕಟ್ಟುವುದು, ಮಂಪರು ಇವು ಸಮಯ ಹತ್ತಿರವಾಗಿದೆ ಎಂಬುದರ ಸೂಚನೆಗಳು. ಔಷಧಕ್ಕೆ ಬಗ್ಗದ ಪೊಟ್ಯಾಶಿಯಂ ಏರಿಕೆ ಮತ್ತು ಶ್ವಾಸಕೋಶದಲ್ಲಿ ನೀರು ತುಂಬುವುದು ತಡಮಾಡಬಾರದ ತುರ್ತು ಸ್ಥಿತಿಗಳು.

'ಒಮ್ಮೆ ಆರಂಭಿಸಿದರೆ ಬಿಡುವಂತಿಲ್ಲ, ಆದ್ದರಿಂದ ಆರಂಭಿಸುವುದೇ ಬೇಡ' ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇದರಲ್ಲಿ ಎರಡು ಬೇರೆ ರೋಗಗಳು ಬೆರೆತುಹೋಗಿವೆ. ಇಲಿಜ್ವರ, ಹಾವಿನ ಕಡಿತ, ತೀವ್ರ ವಾಂತಿಭೇದಿಗಳಿಂದ ಮೂತ್ರಪಿಂಡ ಹಠಾತ್ತನೆ ನಿಂತಾಗ ಕೆಲವು ದಿನ ಅಥವಾ ವಾರ ಡಯಾಲಿಸಿಸ್ ನೀಡಿದರೆ ಸಾಕು. ಅನೇಕರಲ್ಲಿ ಮೂತ್ರಪಿಂಡ ಚೇತರಿಸಿಕೊಂಡು ಚಿಕಿತ್ಸೆ ನಿಲ್ಲುತ್ತದೆ. ಇಂತಹ ರೋಗಿಗೆ ಡಯಾಲಿಸಿಸ್ ನಿರಾಕರಿಸುವುದು ಉಳಿಯಬಹುದಾದ ಜೀವವನ್ನು ಕಳೆದಂತೆ. ದೀರ್ಘಕಾಲಿಕ ರೋಗದಲ್ಲಿ ಅದು ಮುಂದುವರಿಯುವುದು ನಿಜ. ಅದಕ್ಕೆ ಕಾರಣ ಯಂತ್ರದ ಅಭ್ಯಾಸವಲ್ಲ, ಮೂತ್ರಪಿಂಡ ಮರಳಿ ಬಾರದ ಹಂತ ತಲುಪಿರುವುದು.

ಯಂತ್ರದ ಬಳಿ ನಾಲ್ಕು ಗಂಟೆ

ನೆದರ್ಲೆಂಡ್ಸ್‌ನ ವೈದ್ಯ ವಿಲೆಮ್ ಕೋಲ್ಫ್ ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಮಾಂಸದ ಸಾಸೇಜ್ ಸುತ್ತಲು ಬಳಸುತ್ತಿದ್ದ ಸೆಲೋಫೇನ್ ಕೊಳವೆಯಿಂದ ಕೃತಕ ಮೂತ್ರಪಿಂಡ ರೂಪಿಸಿದರು. ಮೊದಲ ಹದಿನೈದಕ್ಕೂ ಹೆಚ್ಚು ರೋಗಿಗಳಲ್ಲಿ ಬಹುತೇಕ ಯಾರೂ ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಅದರಿಂದ ಬದುಕಿಕೊಂಡರು. ಆಗ ಡಯಾಲಿಸಿಸ್ ಕೆಲವು ಸಲ ಮಾತ್ರ ಸಾಧ್ಯವಿತ್ತು. ಪ್ರತಿ ಬಾರಿ ಹೊಸ ರಕ್ತನಾಳ ಹುಡುಕಬೇಕಿತ್ತು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ಕೈಯಲ್ಲೇ ಉಳಿಸುವ ಉಪಾಯ ಕಂಡುಕೊಂಡ ಮೇಲೆ ವರ್ಷಗಟ್ಟಲೆ ಡಯಾಲಿಸಿಸ್ ಮೇಲೆ ಬದುಕುವುದು ಸಾಧ್ಯವಾಯಿತು.

ಇಂದಿನ ಹಿಮೋಡಯಾಲಿಸಿಸ್‌ನಲ್ಲಿ ರೋಗಿಯ ರಕ್ತ ನಿಮಿಷಕ್ಕೆ 200ರಿಂದ 300 ಮಿಲಿಲೀಟರ್ ವೇಗದಲ್ಲಿ ಹೊರಬಂದು, ಕೂದಲಿನಷ್ಟು ತೆಳುವಾದ ಸಾವಿರಾರು ನಾಳಗಳಿರುವ ಡಯಲೈಸರ್ ಮೂಲಕ ಹಾದು, ಶುದ್ಧವಾಗಿ ಮರಳುತ್ತದೆ. ಆ ನಾಳಗಳ ಹೊರಬದಿಯಲ್ಲಿ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರಾವಣ ಹರಿಯುತ್ತದೆ. ಒಮ್ಮೆಗೆ ಸುಮಾರು 120 ಲೀಟರ್ ಅತಿಶುದ್ಧ ನೀರು ಬೇಕಾಗುವುದು ಇದಕ್ಕಾಗಿಯೇ. 'ಮೈಯಲ್ಲಿನ ರಕ್ತವನ್ನೆಲ್ಲ ತೆಗೆಯುತ್ತಾರೆ' ಎಂಬ ಭಯ ನಿರಾಧಾರ. ಯಾವುದೇ ಕ್ಷಣದಲ್ಲಿ ದೇಹದ ಹೊರಗಿರುವ ರಕ್ತ ಒಂದು ದೊಡ್ಡ ಲೋಟದಷ್ಟು ಮಾತ್ರ. ಸೂಜಿ ಚುಚ್ಚುವಾಗ ನೋವಾಗುತ್ತದೆ, ಶುದ್ಧೀಕರಣ ನೋಯಿಸುವುದಿಲ್ಲ. ಹೆಚ್ಚು ನೀರು ತೆಗೆದ ದಿನ ಸ್ನಾಯುಸೆಳೆತ, ರಕ್ತದೊತ್ತಡದ ಕುಸಿತ, ಆಯಾಸ ಉಂಟಾಗಬಹುದು.

ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ ಎಂಬುದು ಸಾಮಾನ್ಯ ಕ್ರಮ. ವಾರದ 168 ಗಂಟೆಯೂ ದುಡಿಯುತ್ತಿದ್ದ ಅಂಗದ ಕೆಲಸವನ್ನು ಯಂತ್ರ 12 ಗಂಟೆಯಲ್ಲಿ ಮಾಡಬೇಕಾಗುತ್ತದೆ. ಉಳಿದ 156 ಗಂಟೆಗಳಲ್ಲಿ ಔಷಧ ಮತ್ತು ಪಥ್ಯ ಏಕೆ ಬೇಕು ಎಂಬುದಕ್ಕೆ ಇಲ್ಲಿಯೇ ಉತ್ತರವಿದೆ. ಖರ್ಚಿಗೆ ಹೆದರಿ ಮೂರನ್ನು ಎರಡಕ್ಕೆ, ಎರಡನ್ನು ಒಂದಕ್ಕೆ ಇಳಿಸುವವರು ಮತ್ತೆ ಮತ್ತೆ ತುರ್ತು ಘಟಕ ಸೇರುವುದಕ್ಕೂ ಇದೇ ಕಾರಣ.

ಕೈಯನ್ನು ಸಿದ್ಧಗೊಳಿಸುವುದು

ಕಾಲಾವಕಾಶ ಇರುವಾಗಲೇ ಮುಗಿಸಬೇಕಾದ ಮೊದಲ ಕೆಲಸ ಫಿಸ್ಟುಲಾ. ಮುಂಗೈಯಲ್ಲಿ ಅಥವಾ ತೋಳಿನಲ್ಲಿ ಅಪಧಮನಿಯೊಂದನ್ನು ಪಕ್ಕದ ಅಭಿಧಮನಿಗೆ ಜೋಡಿಸುವ ಈ ಸಣ್ಣ ಶಸ್ತ್ರಚಿಕಿತ್ಸೆ 1966ರಿಂದ ಬಳಕೆಯಲ್ಲಿದೆ. ಅಪಧಮನಿಯ ರಭಸದಿಂದ ಅಭಿಧಮನಿ ಉಬ್ಬಿ ದಪ್ಪವಾದ ಮೇಲೆ ಅಲ್ಲಿಯೇ ಸೂಜಿ ಚುಚ್ಚಬಹುದು. ಆದರೆ ಅದು ಬಲಿಯಲು ಕನಿಷ್ಠ ಆರು ವಾರ, ಕೆಲವರಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಬೇಕು. 'ಡಯಾಲಿಸಿಸ್ ಬೇಕಾದಾಗ ನೋಡೋಣ' ಎಂದು ಮುಂದೂಡಿದವರಿಗೆ ಕುತ್ತಿಗೆಯ ಕೊಳವೆಯೇ ಗತಿ. ಆ ಕೊಳವೆಯಿಂದ ರಕ್ತಕ್ಕೆ ಸೋಂಕು ತಗಲುವ ಸಂಭವ ಫಿಸ್ಟುಲಾಕ್ಕಿಂತ ಬಹಳ ಹೆಚ್ಚು.

ನಾಲ್ಕನೆಯ ಹಂತ ತಲುಪಿದವರು ಒಂದು ಕೈಯ, ಸಾಮಾನ್ಯವಾಗಿ ಎಡಗೈಯ, ರಕ್ತನಾಳಗಳನ್ನು ಕಾಪಾಡಿಕೊಳ್ಳಬೇಕು. ಆ ಕೈಯಿಂದ ರಕ್ತ ತೆಗೆಸಬಾರದು, ಡ್ರಿಪ್ ಹಾಕಿಸಬಾರದು. ಫಿಸ್ಟುಲಾ ಆದ ನಂತರ ಆ ಕೈಗೆ ರಕ್ತದೊತ್ತಡದ ಪಟ್ಟಿ, ಬಿಗಿಯಾದ ಬಳೆ ಅಥವಾ ಕೈಗಡಿಯಾರ ಬೇಡ; ತಲೆಯಡಿ ಇಟ್ಟು ಮಲಗುವುದೂ ಬೇಡ. ದಿನಕ್ಕೊಮ್ಮೆ ಬೆರಳಿಟ್ಟು ನೋಡಿದರೆ ಒಳಗೆ ಕಂಪನ ತಿಳಿಯಬೇಕು. ಅದು ನಿಂತಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯ ಕೆಲಸ ಹೆಪಟೈಟಿಸ್ ಬಿ ಲಸಿಕೆ. ಮೂತ್ರಪಿಂಡ ರೋಗಿಗಳಿಗೆ ಹೆಚ್ಚಿನ ಪ್ರಮಾಣದ ಡೋಸ್‌ಗಳನ್ನು ಹಲವು ತಿಂಗಳುಗಳ ಅವಧಿಯಲ್ಲಿ ನೀಡಲಾಗುತ್ತದೆ. ರೋಗ ಮುಂದುವರಿದಷ್ಟೂ ಲಸಿಕೆಗೆ ದೇಹ ಸ್ಪಂದಿಸುವುದು ಕಡಿಮೆಯಾಗುವುದರಿಂದ ಇದನ್ನೂ ಬೇಗ ಹಾಕಿಸಿಕೊಳ್ಳುವುದು ಲೇಸು.

ಮನೆಯಲ್ಲೇ ಆಗುವ ಡಯಾಲಿಸಿಸ್

ಡಯಾಲಿಸಿಸ್ ಎಂದರೆ ಆಸ್ಪತ್ರೆಯ ಯಂತ್ರವೊಂದೇ ಅಲ್ಲ. ಹೊಟ್ಟೆಯ ಒಳಪೊರೆಯನ್ನೇ ಸೋಸುಕವನ್ನಾಗಿ ಬಳಸುವ ಪೆರಿಟೋನಿಯಲ್ ಡಯಾಲಿಸಿಸ್ ಇನ್ನೊಂದು ವಿಧಾನ. ಹೊಟ್ಟೆಗೆ ಅಳವಡಿಸಿದ ಮೆತ್ತನೆಯ ಕೊಳವೆಯ ಮೂಲಕ ಸಾಮಾನ್ಯವಾಗಿ ಎರಡು ಲೀಟರ್ ದ್ರಾವಣವನ್ನು ಒಳಬಿಟ್ಟು, ನಾಲ್ಕರಿಂದ ಆರು ಗಂಟೆಗಳ ನಂತರ ಹೊರತೆಗೆದು ಹೊಸ ಚೀಲ ಜೋಡಿಸಲಾಗುತ್ತದೆ. ದಿನಕ್ಕೆ ಮೂರು ಅಥವಾ ನಾಲ್ಕು ಬಾರಿ ಹೀಗೆ ಬದಲಾಯಿಸಬೇಕು. ರಾತ್ರಿ ಮಲಗಿದ್ದಾಗ ಈ ಕೆಲಸವನ್ನು ತಾನೇ ಮಾಡುವ ಯಂತ್ರವೂ ಇದೆ.

ಆಸ್ಪತ್ರೆಯಿಂದ ದೂರವಿರುವ ಊರಿನವರಿಗೆ, ನೌಕರಿ ಬಿಡಲಾಗದವರಿಗೆ, ಹೃದಯ ದುರ್ಬಲವಾಗಿರುವವರಿಗೆ ಇದು ಅನುಕೂಲಕರ. ಹಾಂಗ್‌ಕಾಂಗ್‌ನ ಸರ್ಕಾರಿ ಆಸ್ಪತ್ರೆಗಳು ದಶಕಗಳಿಂದ ಈ ವಿಧಾನಕ್ಕೇ ಮೊದಲ ಆದ್ಯತೆ ನೀಡುತ್ತ ಬಂದಿವೆ. ಇದರಲ್ಲಿ ಸ್ವಚ್ಛತೆಯೇ ಪ್ರಾಣ. ಕೈ ತೊಳೆಯದೆ ಚೀಲ ಬದಲಿಸಿದರೆ ಹೊಟ್ಟೆಯೊಳಗೆ ಸೋಂಕು ಹರಡಬಹುದು. ಹೊರಬಂದ ದ್ರವ ಅಕ್ಕಿ ತೊಳೆದ ನೀರಿನಂತೆ ಕದಡಿದ್ದರೆ ಅದು ಸೋಂಕಿನ ಮೊದಲ ಗುರುತು.

ಕಸಿ: ಡಯಾಲಿಸಿಸ್‌ಗೆ ಮೊದಲೂ ಸಾಧ್ಯ

ವೈದ್ಯಕೀಯವಾಗಿ ಅರ್ಹರಾದವರಿಗೆ ಮೂತ್ರಪಿಂಡ ಕಸಿಯೇ ಅತ್ಯುತ್ತಮ ಚಿಕಿತ್ಸೆ. ವರ್ಷಗಟ್ಟಲೆ ಡಯಾಲಿಸಿಸ್ ಆದ ಮೇಲೆಯೇ ಕಸಿ ಎಂಬ ನಿಯಮವೇನೂ ಇಲ್ಲ. ಸೂಕ್ತ ದಾನಿ ಇದ್ದರೆ ಡಯಾಲಿಸಿಸ್ ಆರಂಭವಾಗುವ ಮೊದಲೇ ಕಸಿ ಮಾಡಬಹುದು, ಫಲಿತಾಂಶವೂ ಉತ್ತಮ. ಹಳೆಯ ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕಿಬ್ಬೊಟ್ಟೆಯಲ್ಲಿ ಇರಿಸಲಾಗುತ್ತದೆ. ಅದನ್ನು ದೇಹ ತಿರಸ್ಕರಿಸದಂತೆ ಜೀವನಪರ್ಯಂತ ಮಾತ್ರೆ ಸೇವಿಸಬೇಕು.

1994ರ ಅಂಗಾಂಗ ಕಸಿ ಕಾಯ್ದೆ ಮತ್ತು 2011ರ ತಿದ್ದುಪಡಿಯಂತೆ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಪತಿ ಅಥವಾ ಪತ್ನಿ, ಅಜ್ಜ-ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳೆನಿಸುತ್ತಾರೆ. ಬೇರೆಯವರು ದಾನ ಮಾಡಬೇಕಾದರೆ ಅಧಿಕಾರಪತ್ರ ಸಮಿತಿಯ ಒಪ್ಪಿಗೆ ಅಗತ್ಯ. ಅಂಗಾಂಗ ಮಾರಾಟ ಮತ್ತು ಖರೀದಿಗೆ ಐದರಿಂದ ಹತ್ತು ವರ್ಷ ಸೆರೆವಾಸ, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ. ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ದಾನಿಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವುದಕ್ಕೂ ಕಾನೂನಿನ ಸಮ್ಮತಿಯಿದೆ. ದಾನಿ ಸಿಗದವರು ಮಿದುಳು ನಿಷ್ಕ್ರಿಯಗೊಂಡವರ ಅಂಗಾಂಗಕ್ಕಾಗಿ ಕಸಿ ಆಸ್ಪತ್ರೆಯ ಮೂಲಕ ರಾಜ್ಯ ಸರ್ಕಾರದ 'ಜೀವಸಾರ್ಥಕತೆ' ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬೇಕು. ಸರದಿ ದೀರ್ಘವಾಗಿರುವುದರಿಂದ ಬೇಗ ವಿಚಾರಿಸಿದಷ್ಟೂ ಒಳ್ಳೆಯದು.

ಇಲ್ಲೊಂದು ಕಹಿ ಸತ್ಯವೂ ಇದೆ. ಭಾರತದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಮಹಿಳೆಯರು, ಕಸಿ ಪಡೆಯುವವರಲ್ಲಿ ಹೆಚ್ಚಿನವರು ಪುರುಷರು. ತಾಯಿ ಅಥವಾ ಹೆಂಡತಿ ಕೊಡುವುದು ಸಹಜವೆಂದು ಕಾಣುವ ಮನೆಯಲ್ಲೇ ಅವಳಿಗೆ ಬೇಕಾದಾಗ ದಾನಿ ಸಿಗುವುದಿಲ್ಲ. ದಾನದ ನಿರ್ಧಾರ ಒತ್ತಾಯವಿಲ್ಲದೆ ಆಗಬೇಕು. ಹಿಂದೆ ಸರಿಯುವ ಹಕ್ಕು ದಾನಿಗೆ ಕೊನೆಯ ಕ್ಷಣದವರೆಗೂ ಇರುತ್ತದೆ.

ತಟ್ಟೆಯಲ್ಲಿ ಏನಿರಬೇಕು?

ಪಥ್ಯದ ಬಗ್ಗೆ ಬಂಧುಮಿತ್ರರ ಸಲಹೆಗೆ ಬರವಿಲ್ಲ. ಆದರೆ ಎಲ್ಲರಿಗೂ ಒಂದೇ ಪಥ್ಯವಿಲ್ಲ, ಒಬ್ಬರಿಗೇ ಎಲ್ಲ ಹಂತದಲ್ಲೂ ಒಂದೇ ಪಥ್ಯವಿಲ್ಲ. ಡಯಾಲಿಸಿಸ್‌ಗೆ ಮುಂಚೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.6ರಿಂದ 0.8 ಗ್ರಾಂ ಪ್ರೋಟೀನ್ ಸಾಕೆಂದು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. ಡಯಾಲಿಸಿಸ್ ಆರಂಭವಾದ ಮೇಲೆ ಅದು 1ರಿಂದ 1.2 ಗ್ರಾಂಗೆ ಏರಬೇಕು. 60 ಕಿಲೋ ತೂಕದವರಿಗೆ ಇದು 36-48 ಗ್ರಾಂನಿಂದ 60-72 ಗ್ರಾಂಗೆ ಏರಿದಂತೆ. ಹಳೆಯ ಪಥ್ಯವನ್ನೇ ಮುಂದುವರಿಸಿ ಬೇಳೆ, ಮೊಟ್ಟೆ ಬಿಟ್ಟು ಸೊರಗುವ ರೋಗಿಗಳು ಕಡಿಮೆಯಿಲ್ಲ.

ಉಪ್ಪು ದಿನಕ್ಕೆ ಒಂದು ಸಣ್ಣ ಚಮಚೆಯೊಳಗೆ, ಅಂದರೆ 5 ಗ್ರಾಂ ಮೀರದಂತೆ ಇರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುವುದರಿಂದ ಅದು ಈ ರೋಗಿಗಳಿಗೆ ಅಪಾಯಕಾರಿ. ಪೊಟ್ಯಾಶಿಯಂ ಏರಿರುವವರಿಗೆ ಎಳನೀರು, ಬಾಳೆಹಣ್ಣು, ಕಿತ್ತಳೆ, ಒಣಹಣ್ಣುಗಳು ಬೇಡ. ಸೇಬು, ಅನಾನಸ್ ಮಿತವಾಗಿ ಆಗಬಹುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಪೊಟ್ಯಾಶಿಯಂ ಗಣನೀಯವಾಗಿ ಇಳಿಯುತ್ತದೆ. ಬಸ್ಸಾರು ಮಾಡಿ ರೂಢಿಯಿರುವ ಮನೆಗಳಲ್ಲಿ ಬಸಿದ ಕಟ್ಟನ್ನೇ ಸಾರಿಗೆ ಬಳಸುವುದು ವಾಡಿಕೆ. ರೋಗಿಗೆ ಬಡಿಸಬೇಕಾದದ್ದು ಪಲ್ಯವನ್ನೇ ಹೊರತು ಆ ಸಾರನ್ನಲ್ಲ.

'ಹೆಚ್ಚು ನೀರು ಕುಡಿದರೆ ಮೂತ್ರಪಿಂಡ ತೊಳೆಯುತ್ತದೆ' ಎಂಬ ನಂಬಿಕೆ ಮೂತ್ರ ಕಡಿಮೆಯಾದವರಿಗೆ ಪ್ರಾಣಾಂತಿಕ. ಹಿಂದಿನ ದಿನ ಹೋದ ಮೂತ್ರದ ಪ್ರಮಾಣಕ್ಕೆ ಸುಮಾರು ಅರ್ಧ ಲೀಟರ್ ಸೇರಿಸಿದಷ್ಟು ದ್ರವ ಎಂಬುದು ಸ್ಥೂಲ ಲೆಕ್ಕ. ಕಾಫಿ, ಮಜ್ಜಿಗೆ, ಸಾರು ಎಲ್ಲವೂ ಇದರೊಳಗೇ ಬರುತ್ತವೆ.

ಹಣದ ಚಿಂತೆ

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡ ರೋಗಿಗಳಿಗೆ ಉಚಿತ ಡಯಾಲಿಸಿಸ್ ಸಿಗುತ್ತದೆ. ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲದೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡ ರೋಗಗಳಿಗೆಂದೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡ್, ಪಡಿತರ ಚೀಟಿ, ಆಧಾರ್ ದಾಖಲೆಗಳನ್ನು ಅಗತ್ಯ ಬೀಳುವ ಮೊದಲೇ ಸರಿಪಡಿಸಿಟ್ಟುಕೊಳ್ಳಬೇಕು. ಡಯಾಲಿಸಿಸ್ ಉಚಿತವಾದರೂ ಬಸ್ಸಿನ ಖರ್ಚು, ಜೊತೆಗೆ ಬರುವವರ ಕಳೆದುಹೋದ ಕೂಲಿ, ರಕ್ತ ಹೆಚ್ಚಿಸುವ ಚುಚ್ಚುಮದ್ದು, ಪರೀಕ್ಷೆಗಳು ಕುಟುಂಬದ ಮೇಲೆ ಬೀಳುತ್ತವೆ. ಆದ್ದರಿಂದ ಮನೆಗೆ ಹತ್ತಿರದ ಘಟಕ ಯಾವುದು, ಅಲ್ಲಿ ಸ್ಥಳವಿದೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿಡುವುದು ಜಾಣತನ.

ಮನಸ್ಸಿಗೂ ಚಿಕಿತ್ಸೆ ಬೇಕು

'ನನಗೇ ಏಕೆ' ಎಂಬ ಕೋಪ, 'ವರದಿ ತಪ್ಪಿರಬೇಕು' ಎಂಬ ನಿರಾಕರಣೆ, ಮನೆಯವರಿಗೆ ಹೊರೆಯಾದೆನೆಂಬ ಕೊರಗು ಈ ರೋಗಿಗಳಲ್ಲಿ ಸಾಮಾನ್ಯ. ಖಿನ್ನತೆಯೂ ಹೆಚ್ಚು. ಅದು ದೌರ್ಬಲ್ಯವಲ್ಲ, ಚಿಕಿತ್ಸೆಯಿರುವ ಕಾಯಿಲೆ. ನಿದ್ದೆಗೆಟ್ಟು, ಊಟ ಬಿಟ್ಟು, ಡಯಾಲಿಸಿಸ್ ತಪ್ಪಿಸತೊಡಗಿದ ರೋಗಿಯನ್ನು ಗದರಿಸುವ ಬದಲು ಮನೋವೈದ್ಯರ ಬಳಿ ಕರೆದೊಯ್ಯಬೇಕು. ಈಗಾಗಲೇ ಡಯಾಲಿಸಿಸ್ ಪಡೆಯುತ್ತಿರುವವರನ್ನು ಆರಂಭಕ್ಕೆ ಮುನ್ನವೇ ಒಮ್ಮೆ ಭೇಟಿ ಮಾಡಿದರೆ ಅರ್ಧ ಭಯ ಕಳೆಯುತ್ತದೆ. ಸೇವೆ ಮಾಡುವ ಒಬ್ಬರ ಮೇಲೇ ಎಲ್ಲ ಹೊರೆ ಬೀಳದಂತೆ ಮನೆಯವರು ಸರದಿ ಹಂಚಿಕೊಳ್ಳುವುದೂ ಮುಖ್ಯ.

ಡಯಾಲಿಸಿಸ್ ಎಂದರೆ ಸಾರ್ವಜನಿಕ ಬದುಕಿನ ಅಂತ್ಯವೂ ಅಲ್ಲ. ತುರ್ತುಪರಿಸ್ಥಿತಿಯ ಬಂಧನದ ವೇಳೆ ಮೂತ್ರಪಿಂಡ ವೈಫಲ್ಯಕ್ಕೊಳಗಾದ ಜಯಪ್ರಕಾಶ್ ನಾರಾಯಣ್ ಅವರಿಗೆ 1975ರ ಕೊನೆಯಲ್ಲಿ ಮುಂಬೈನ ಜಸ್‌ಲೋಕ್ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆರಂಭವಾಯಿತು. 1977ರ ಚುನಾವಣೆಯಲ್ಲಿ ವಿರೋಧ ಪಕ್ಷಗಳನ್ನು ಒಂದುಗೂಡಿಸಿ ಕೇಂದ್ರದಲ್ಲಿ ಸರ್ಕಾರ ಬದಲಾಗುವಂತೆ ಮಾಡಿದ್ದು ಆ ಅವಧಿಯಲ್ಲೇ. ತಂತ್ರಜ್ಞಾನ ಇಷ್ಟು ಬೆಳೆದಿರದ ಆ ದಿನಗಳಲ್ಲೂ ಅವರು 1979ರ ಅಕ್ಟೋಬರ್‌ವರೆಗೆ ಬದುಕಿದ್ದರು. 1999ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಸ್ಪರ್ಧಿಸಿ ಕನ್ನಡದಲ್ಲೇ ಭಾಷಣ ಮಾಡಿದ ಸುಷ್ಮಾ ಸ್ವರಾಜ್, 2016ರ ನವೆಂಬರ್‌ನಲ್ಲಿ ವಿದೇಶಾಂಗ ಸಚಿವೆಯಾಗಿದ್ದಾಗ ತಮಗೆ ಡಯಾಲಿಸಿಸ್ ನಡೆಯುತ್ತಿದೆ ಎಂದು ಬಹಿರಂಗವಾಗಿ ತಿಳಿಸಿದರು. ಡಿಸೆಂಬರ್‌ನಲ್ಲಿ ಕಸಿಯಾದ ಬಳಿಕ 2019ರವರೆಗೂ ಆ ಹುದ್ದೆ ನಿರ್ವಹಿಸಿದರು.

ಬೇಡವೆನ್ನುವುದೂ ಒಂದು ಆಯ್ಕೆ

ವಯಸ್ಸು 80 ದಾಟಿದ, ಹೃದ್ರೋಗ, ಪಾರ್ಶ್ವವಾಯು, ಮರೆವಿನಂತಹ ಹಲವು ಕಾಯಿಲೆಗಳಿಂದ ಬಳಲಿರುವ ಹಿರಿಯರಿಗೆ ಡಯಾಲಿಸಿಸ್‌ನಿಂದ ಆಯುಷ್ಯ ಹೆಚ್ಚು ಬೆಳೆಯದಿರಬಹುದು. ಉಳಿದ ದಿನಗಳು ಆಸ್ಪತ್ರೆಯ ಓಡಾಟದಲ್ಲೇ ಮುಗಿಯಬಹುದು. ಇಂತಹವರಿಗೆ ಯಂತ್ರವಿಲ್ಲದೆ, ಔಷಧಗಳಿಂದ ಉಸಿರುಕಟ್ಟು, ತುರಿಕೆ, ವಾಕರಿಕೆ, ನೋವುಗಳನ್ನು ಶಮನಗೊಳಿಸುತ್ತ ನೋಡಿಕೊಳ್ಳುವ ಕ್ರಮವೂ ಮಾನ್ಯವಾದ ಚಿಕಿತ್ಸೆಯೇ. ಇದು ಕೈಬಿಡುವುದಲ್ಲ. ಆದರೆ ಆ ನಿರ್ಧಾರ ಹಿರಿಯರದ್ದಾಗಿರಬೇಕು, ಅವರಿಗೆ ವಿಷಯ ಮುಚ್ಚಿಟ್ಟು ಮಕ್ಕಳು ತೆಗೆದುಕೊಂಡದ್ದಾಗಿರಬಾರದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ನಾಲ್ಕನೆಯ ಹಂತದಲ್ಲಿರುವ ರೋಗಿ ಮತ್ತು ಮನೆಯವರು ಮುಂದಿನ ಭೇಟಿಗೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಬಹುದು:

- ಈಗಿನ ಜಿಎಫ್ಆರ್ ಎಷ್ಟು? ಕಳೆದ ಒಂದು ವರ್ಷದಲ್ಲಿ ಎಷ್ಟು ಇಳಿದಿದೆ?
- ಸವೆತ ನಿಧಾನಗೊಳಿಸುವ ಔಷಧಗಳು ಇನ್ನೂ ಯಾವುವು ಉಳಿದಿವೆ?
- ಈಗ ಸೇವಿಸುತ್ತಿರುವ ಮಾತ್ರೆಗಳಲ್ಲಿ ನಿಲ್ಲಿಸಬೇಕಾದದ್ದು ಇದೆಯೇ?
- ಫಿಸ್ಟುಲಾ ಯಾವಾಗ ಮಾಡಿಸಬೇಕು? ಯಾವ ಕೈಯನ್ನು ಕಾಪಾಡಿಕೊಳ್ಳಬೇಕು?
- ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಸೂಕ್ತವೇ?
- ಡಯಾಲಿಸಿಸ್‌ಗೆ ಮೊದಲೇ ಕಸಿ ಸಾಧ್ಯವೇ? ದಾನಿಯ ಪರೀಕ್ಷೆ ಎಲ್ಲಿಂದ ಆರಂಭಿಸಬೇಕು?
- ಯಾವ ಲಕ್ಷಣ ಕಂಡರೆ ಮುಂದಿನ ದಿನಾಂಕಕ್ಕೆ ಕಾಯದೆ ತಕ್ಷಣ ಬರಬೇಕು?

ಉತ್ತರಗಳನ್ನು ಅದೇ ಹಾಳೆಯಲ್ಲಿ ಬರೆದು, ಹಳೆಯ ವರದಿಗಳ ಜೊತೆ ಒಂದೇ ಕಡತದಲ್ಲಿ ಇಟ್ಟುಕೊಳ್ಳುವುದು ಉತ್ತಮ. ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.